ಸಹಿ ಹಾಕುವ ಮುನ್ನ ಕನ್ನಡದಲ್ಲಿ ಕೇಳಿ!

ಗೊರಕೆ ಎಂದರೆ ನಮಗೆಲ್ಲ ನಗೆಯ ಮಾತು. ಆದರೆ ಗೊರಕೆಯ ನಡುವೆ ಉಸಿರೇ ನಿಂತು, ಸ್ವಲ್ಪ ಹೊತ್ತಿಗೆ ಉಸಿರುಗಟ್ಟಿದವರಂತೆ ಬೆಚ್ಚಿ ಏಳುವವರ ಪಾಡು ನಗುವಂಥದ್ದಲ್ಲ. ಗಂಟಲ ದಾರಿ ಮುಚ್ಚಿಕೊಳ್ಳುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ರೋಗ ಬಲಿತವರಿಗೆ ಒಂದೇ ರಾತ್ರಿಯಲ್ಲಿ ಇದು ನೂರಾರು ಸಲ! ಹಗಲೆಲ್ಲ ತೂಕಡಿಕೆ, ಜೊತೆಗೆ ರಕ್ತದೊತ್ತಡ. ಲಾರಿ, ಬಸ್ಸು ಓಡಿಸುವವನಿಗೆ ಇದು ಬಂದರೆ ಅಪಾಯ ಅವನೊಬ್ಬನಿಗೇ ಅಲ್ಲ. ಇದೇ ಸ್ಲೀಪ್ ಅಪ್ನಿಯಾ. ಇದನ್ನು ಪತ್ತೆ ಮಾಡುವ ಪರೀಕ್ಷೆ ಸ್ಲೀಪ್ ಸ್ಟಡಿ.

ಪರೀಕ್ಷೆಗೆ ಹೋದವನ ಕೈಗೆ ಎಷ್ಟೋ ಕಡೆ ಮೊದಲು ಬರುವುದು ಇಂಗ್ಲಿಷ್ ಕಾಗದ. ಎಪ್‌ವರ್ತ್ ಪ್ರಶ್ನಾವಳಿಯನ್ನೇ ನೋಡಿ. ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು, ಎಂಟು ಪ್ರಶ್ನೆ. ಅದರಲ್ಲೊಂದು ಕಾರಿನಲ್ಲಿ ಒಂದು ಗಂಟೆ ಪ್ರಯಾಣ ಮಾಡುವಾಗ ತೂಕಡಿಸುತ್ತೀರಾ ಎಂಬುದು. ಜೀವಮಾನವಿಡೀ ಕೆಂಪು ಬಸ್ಸಿನಲ್ಲೇ ಓಡಾಡಿದ ನಮ್ಮ ರೈತ ಏನು ಬರೆಯಬೇಕು? ಕಾರೇ ಇಲ್ಲವೆಂದು ಸೊನ್ನೆ ಹಾಕುತ್ತಾನೆ, ಅಂಕ ಕಡಿಮೆಯಾಗುತ್ತದೆ, ರೋಗವೂ ಕಡಿಮೆಯೆಂದು ಕಾಣುತ್ತದೆ! ಬಸ್ಸನ್ನೇ ನೆನೆದು ಉತ್ತರಿಸಪ್ಪಾ ಎಂದು ಕನ್ನಡದಲ್ಲಿ ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಯಾಕಿಲ್ಲ?

ಒಪ್ಪಿಗೆ ಪತ್ರದ ಕಥೆಯೂ ಇದೇ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಏನು ಮಾಡುತ್ತಾರೆ, ಯಾಕೆ, ಬೇರೆ ದಾರಿ ಇದೆಯೇ ಎಂಬುದನ್ನು ರೋಗಿಗೆ ಸಾಕಷ್ಟು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದಿತು. ಓದಲು ಬಾರದ ಭಾಷೆಯಲ್ಲಿ ಹಾಕಿಸಿಕೊಂಡ ಸಹಿ ಎಂಥ ಒಪ್ಪಿಗೆ? ರಾತ್ರಿಯಿಡೀ ವಿಡಿಯೋ ಕೂಡ ತೆಗೆಯುವುದುಂಟು. ಅದನ್ನು ಯಾರು ನೋಡುತ್ತಾರೆ ಎಂದು ಕೇಳಿ. ಹೆಣ್ಣುಮಕ್ಕಳಂತೂ ಕೇಳಲೇಬೇಕು.

ಇನ್ನು ಹೆದರಿಕೆ. ತಲೆಗೆ, ಕಣ್ಣ ಪಕ್ಕಕ್ಕೆ, ಗಲ್ಲಕ್ಕೆ, ಕಾಲಿಗೆ ವೈರು, ಎದೆಗೂ ಹೊಟ್ಟೆಗೂ ಪಟ್ಟಿ, ಮೂಗಿಗೆ ಕೊಳವೆ, ಬೆರಳಿಗೆ ಕ್ಲಿಪ್ಪು. ನೋಡಿದರೆ ಕರೆಂಟು ಕೊಡುತ್ತಾರೇನೋ ಅನ್ನಿಸುತ್ತದೆ. ಇಲ್ಲ. ಅವು ನಿಮ್ಮ ದೇಹದ ಸಂಕೇತಗಳನ್ನು ಬರೆದುಕೊಳ್ಳುತ್ತವೆ, ಅಷ್ಟೇ. ಸೂಜಿ ಇಲ್ಲ, ನೋವಿಲ್ಲ. ಮೂತ್ರಕ್ಕೆ ಹೋಗಬೇಕೆಂದರೆ ಕರೆಯಿರಿ, ಬಿಚ್ಚಿ ಬಿಡುತ್ತಾರೆ. ಮನೆಯಷ್ಟು ನಿದ್ದೆ ಬಾರದಿದ್ದರೂ ಸಾಮಾನ್ಯವಾಗಿ ಕೆಲವು ಗಂಟೆಯ ದಾಖಲೆ ಸಾಕಾಗುತ್ತದೆ. ಆ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ವೈರು ಅಂಟುವುದಿಲ್ಲ. ಮಧ್ಯಾಹ್ನದ ನಂತರ ಕಾಫಿ, ಟೀ ಬೇಡ, ಹಗಲು ನಿದ್ದೆಯೂ ಬೇಡ. ಉಗುರುಬಣ್ಣ ತೆಗೆಯಿರಿ. ದಿನದ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಚೀಟಿ ಒಯ್ದು ತೋರಿಸಿ. ವೈದ್ಯರನ್ನು ಕಾಣುವಾಗ ಮಗ್ಗುಲಲ್ಲಿ ಮಲಗುವ ಹೆಂಡತಿಯನ್ನೋ ಗಂಡನನ್ನೋ ಕರೆದೊಯ್ಯಿರಿ. ಉಸಿರು ನಿಂತದ್ದನ್ನು ಕಂಡವರು ಅವರೇ ತಾನೆ!

ಮನೆಯಲ್ಲೇ ಮಾಡುವ ಚಿಕ್ಕ ಪರೀಕ್ಷೆಯೂ ಇದೆ, ಖರ್ಚೂ ಕಡಿಮೆ. ಆದರೆ ಅಂಥ ಹೆಚ್ಚಿನ ಯಂತ್ರಗಳು ಮಿದುಳಿನ ಅಲೆ ಅಳೆಯುವುದಿಲ್ಲ, ಎಚ್ಚರವಿದ್ದ ಹೊತ್ತೂ ಲೆಕ್ಕಕ್ಕೆ ಸೇರಿ ರೋಗ ಕಡಿಮೆ ಕಾಣಬಹುದು. ಅದರಲ್ಲಿ ಏನೂ ಇಲ್ಲವೆಂದು ಬಂದರೂ ತೊಂದರೆ ಉಳಿದಿದ್ದರೆ ಪೂರ್ಣ ಪರೀಕ್ಷೆ ಕೇಳಿ.

ವರದಿ ಬಂದಾಗ ಎ.ಎಚ್.ಐ. ಎಂಬ ಸಂಖ್ಯೆ ಹುಡುಕಿ. ಗಂಟೆಗೆ ಎಷ್ಟು ಸಲ ಉಸಿರು ಹತ್ತು ಸೆಕೆಂಡಾದರೂ ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ ಅದು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ವರದಿಯ ಪ್ರತಿ ನಿಮ್ಮದು, ಕೇಳಿ ಪಡೆಯಿರಿ. ಸಿ-ಪ್ಯಾಪ್ ಯಂತ್ರ ಬೇಕೆಂದರೆ ಗಾಬರಿ ಬೇಡ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಇದಕ್ಕೆ ಮುಖ್ಯ ಚಿಕಿತ್ಸೆ. ಆದರೆ ಪರೀಕ್ಷೆ ಮಾಡಿದಲ್ಲೇ ಯಂತ್ರ ಕೊಳ್ಳಬೇಕೆಂಬ ಕಾನೂನೇನೂ ಇಲ್ಲ. ನಾಲ್ಕು ಕಡೆ ಬೆಲೆ ವಿಚಾರಿಸಿ. ಮಾಸ್ಕನ್ನು ಮುಖಕ್ಕೆ ಹಾಕಿ, ಮಲಗಿ ನೋಡಿ. ಗಾಳಿ ಸೋರಿದರೆ ಬೇರೆ ಅಳತೆಯದು ಕೊಡಿ ಎನ್ನಿ, ಅದೂ ಬಿಲ್ ಬರೆಯುವ ಮೊದಲೇ.