ಗುಜರಿ ಎಂದರೆ ಮೂಗು ಮುಚ್ಚುವವರಿಗೆ

ತೊಂಬತ್ತರ ದಶಕದಲ್ಲಿ ವಿಜಯನಗರ, ರಾಜಾಜಿನಗರಗಳ ಗಲ್ಲಿಗಳಲ್ಲಿ ಬೆಳೆದವರನ್ನು ಕೇಳಿ ನೋಡಿ. ಶಾಲೆಯ ಪಾಠಗಳಲ್ಲಿ ಓದಿದ ಎಷ್ಟೋ ಹೆಸರುಗಳನ್ನು ಅವರು ಮರೆತಿರಬಹುದು, ಮುಸ್ತಫಾನನ್ನು ಮರೆತಿರಲಾರರು. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ 'ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್' ಎಂಬ ವಿಡಿಯೊ ಗೇಮಿನ ನಾಲ್ವರು ನಾಯಕರಲ್ಲಿ ಒಬ್ಬ ಹಳದಿ ಟೋಪಿಯ ಮುಸ್ತಫಾ ಕೈರೊ. ಆಟದ ಉದ್ದನೆಯ ಹೆಸರು ನಾಲಿಗೆಗೆ ಹತ್ತದ ನಮ್ಮ ಹುಡುಗರು ಇಡೀ ಆಟಕ್ಕೇ 'ಮುಸ್ತಫಾ ಗೇಮ್' ಎಂದು ನಾಮಕರಣ ಮಾಡಿಬಿಟ್ಟರು. ದೇಶದ ಬೇರೆ ಊರುಗಳಲ್ಲೂ ಅದಕ್ಕೆ ಇದೇ ಹೆಸರು. ಮಂಜುನಾಥನಿಗೂ ಮುಸ್ತಫಾನೇ ಬೇಕು, ಇಮ್ತಿಯಾಜನಿಗೂ ಮುಸ್ತಫಾನೇ ಬೇಕು. ಅವನ ಕಾಲು ಚುರುಕು ಎನ್ನುವುದಷ್ಟೇ ಕಾರಣ. ಸೌಹಾರ್ದದ ಬಗ್ಗೆ ಭಾಷಣ ಮಾಡುವವರು ಯಾರೂ ಆ ಅಂಗಡಿಗಳಿಗೆ ಬಂದಿರಲಿಲ್ಲ.

ಆ ಹುಡುಗರಿಗೆ ಈಗ ನಲವತ್ತು ದಾಟಿದೆ. ಕೈಯಲ್ಲಿ ನಾಲ್ಕು ಕಾಸಿದೆ, ಅಂಥದ್ದೊಂದು ಯಂತ್ರ ಮನೆಯಲ್ಲಿರಲಿ ಎಂಬ ಆಸೆಯೂ ಇದೆ. ಆಸೆ ತಪ್ಪಲ್ಲ. ಆದರೆ ಆಸೆ ಹುಟ್ಟಿದ ಕೂಡಲೇ ಕೈ ಹೋಗುವುದು ಜೇಬಿಗೆ, ಉಳಿ-ಸುತ್ತಿಗೆಗಲ್ಲ. ಸಿದ್ಧ ಯಂತ್ರಕ್ಕೆ ಒಂದು ಮೋಟಾರ್ ಬೈಕಿನ ಬೆಲೆ ತೆತ್ತು ತಂದು ನಡುಮನೆಯಲ್ಲಿ ನಿಲ್ಲಿಸುತ್ತಾರೆ. ಅದೇ ತಿಂಗಳು ಮಗನನ್ನು ರೊಬೊಟಿಕ್ಸ್ ತರಗತಿಗೂ ಸೇರಿಸುತ್ತಾರೆ. ನಮ್ಮ ತಕರಾರು ಇಲ್ಲಿಂದಲೇ ಶುರು.

ತಮಾಷೆಯ ಸಂಗತಿಯೊಂದಿದೆ. ನೆನಪಿನ ಹೆಸರಿನಲ್ಲಿ ಇವರು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಿರುವ ಆ ಯಂತ್ರ ಮೊದಲಿಂದಲೂ ಬಡವರ ಯಂತ್ರವೇ. ನಮ್ಮ ಬೀದಿಯ ಅಂಗಡಿಗಳಲ್ಲಿ ನಿಂತಿದ್ದ ಪೆಟ್ಟಿಗೆಗಳಲ್ಲಿ ಬಹಳಷ್ಟು ಇಲ್ಲಿನ ಬಡಗಿಗಳೇ ಪ್ಲೈವುಡ್ಡಿನಲ್ಲಿ ಹೊಡೆದವು. ಒಳಗೆ ಒಂದು ಟೀವಿ ಪರದೆ, ನಕಲಿಯೋ ಅಸಲಿಯೋ ಒಂದು ಬೋರ್ಡು. ಇದು ಸಾಧ್ಯವಾದದ್ದಕ್ಕೂ ಕಾರಣವಿದೆ. 1985ರಲ್ಲಿ ಜಪಾನಿನ ಉದ್ಯಮದವರೇ ಕೂಡಿ 'ಜಾಮಾ' ಎಂಬ ಒಂದೇ ಬಗೆಯ ಜೋಡಣೆಯನ್ನು ಗೊತ್ತುಮಾಡಿದ್ದರು. 56 ತುದಿಗಳ ಒಂದು ಕನೆಕ್ಟರ್. ಒಂದು ಆಟದ ಬೋರ್ಡು ಕಿತ್ತು ಇನ್ನೊಂದನ್ನು ಚುಚ್ಚಿದರೆ ಅದೇ ಪೆಟ್ಟಿಗೆಯಲ್ಲಿ ಬೇರೆ ಆಟ. ಪೆಟ್ಟಿಗೆ ಮಾಡಿದವನೇ ಬೋರ್ಡು ಮಾಡಬೇಕಿಲ್ಲ, ಬೋರ್ಡು ಮಾಡಿದವನನ್ನು ಪೆಟ್ಟಿಗೆಯವನು ಕೇಳಬೇಕಿಲ್ಲ. ಅದೇ ಉದ್ಯಮ ಇನ್ನೊಂದು ಕೆಲಸವನ್ನೂ ಮಾಡಿತು. ಕ್ಯಾಪ್‌ಕಾಮ್‌ನ ತೊಂಬತ್ತರ ದಶಕದ ಹಲವು ಬೋರ್ಡುಗಳಲ್ಲಿ ಒಂದು ಸಣ್ಣ ಬ್ಯಾಟರಿ ಇತ್ತು. ಆಟದ ಗುಟ್ಟಿನ ಕೀಲಿಯನ್ನು ಉಳಿಸಿಟ್ಟದ್ದು ಅದು. ಬ್ಯಾಟರಿ ಸತ್ತಿತೋ, ಕೀಲಿ ಅಳಿಸಿತು, ಆಟವೂ ಸತ್ತಿತು. ದುಡ್ಡು ಕೊಟ್ಟು ಕೊಂಡವನ ವಸ್ತು ಅವನ ಮುಂದೆಯೇ ಸಾಯುವಂತೆ ಮಾಡಿಟ್ಟ ಈ ಏರ್ಪಾಡಿಗೆ ರಿಪೇರಿಯವರು 'ಆತ್ಮಹತ್ಯೆಯ ಬ್ಯಾಟರಿ' ಎಂದೇ ಕರೆದರು. ರಿಪೇರಿಯವರಿಲ್ಲದಿದ್ದರೆ ಆ ಆಟಗಳಲ್ಲಿ ಎಷ್ಟು ಇವತ್ತಿಗೆ ಉಳಿಯುತ್ತಿದ್ದವು?

ಬೆಂಗಳೂರಿನ ಪಶ್ಚಿಮ ಭಾಗ ಕಟ್ಟುವವರ ಊರು. ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳು, ಮಾಗಡಿ ರಸ್ತೆಯ ಬಿನ್ನಿ ಮಿಲ್ಲು. ಇಲ್ಲಿ ಕಾರ್ಮಿಕರಿಲ್ಲದಿದ್ದರೆ ರಾಜಾಜಿನಗರಕ್ಕೆ ಇಎಸ್‌ಐ ಆಸ್ಪತ್ರೆ ಏಕೆ ಬರುತ್ತಿತ್ತು? ಇವತ್ತು ಏನಾಗಿದೆ ನೋಡಿ. ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ಎದ್ದಿತು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ನೆಲದಲ್ಲಿ 2012ರಲ್ಲಿ ಒರಾಯನ್ ಮಾಲ್ ಬಾಗಿಲು ತೆರೆಯಿತು. ಅಪ್ಪ ಮೋಟಾರು ಸುತ್ತಿದ ಜಾಗದಲ್ಲಿ ಮಗ ಮಾಲಿನ ಕಾರ್ಡು ಉಜ್ಜಿ ಆಟ ಆಡುತ್ತಾನೆ. ಕಾರ್ಡಿನಲ್ಲಿ ದುಡ್ಡು ಮುಗಿದರೆ ಯಂತ್ರ ಸತ್ತಂತೆ. ಅದರ ಹಿಂಬಾಗಿಲು ತೆಗೆದು ಒಳಗೇನಿದೆ ಎಂದು ನೋಡುವ ಹಕ್ಕು ಅವನಿಗಿಲ್ಲ.

ಹಾಗಾದರೆ ಮನೆಯಲ್ಲಿ ಕಟ್ಟಲು ಎಷ್ಟಾಗುತ್ತದೆ? ಕಚೇರಿಗಳು ಎಸೆದ ಹಳೆಯ ಕೋರ್ ಟೂ ಡ್ಯುಯೊ ಕಂಪ್ಯೂಟರ್ ಎರಡು ಸಾವಿರದ ಆಸುಪಾಸಿಗೆ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ತೊಂಬತ್ತರ ದಶಕದ ಆಟಗಳಿಗೆ ಅದು ಬೇಕಾದಷ್ಟಾಯಿತು. ಹಳೆಯ ಎಲ್‌ಸಿಡಿ ಪರದೆಗೆ ಒಂದು ಸಾವಿರ. ಇಬ್ಬರು ಆಡುವ ಜಾಯ್‌ಸ್ಟಿಕ್, ಬಟನ್, ಅವುಗಳ ಸಂಕೇತವನ್ನು ಕಂಪ್ಯೂಟರಿಗೆ ಮುಟ್ಟಿಸುವ ಸಣ್ಣ ಬೋರ್ಡು ಎಲ್ಲ ಸೇರಿ ಸುಮಾರು ಮೂರು ಸಾವಿರ. ಇದೊಂದನ್ನು ಹೊಸದೇ ಕೊಳ್ಳಬೇಕು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋದರೆ 12 ಮಿಲಿಮೀಟರ್ ಪ್ಲೈವುಡ್ಡಿನ ತುಂಡುಗಳು ಅಗ್ಗಕ್ಕೆ ಸಿಕ್ಕಾವು. ಸ್ಪೀಕರಿಗೂ ಬಣ್ಣಕ್ಕೂ ಅಷ್ಟಿಷ್ಟು. ಏಳೆಂಟು ಸಾವಿರದೊಳಗೆ ಮೇಜಿನ ಮೇಲೆ ಕೂರುವ ಯಂತ್ರ ಎದ್ದೀತು. ಹಳೆಯ ಆಟಗಳನ್ನು ಇಂಥ ಕಂಪ್ಯೂಟರಿನಲ್ಲಿ ನಡೆಸುವ 'ಮೇಮ್' ತಂತ್ರಾಂಶ 1997ರಿಂದ ಇದೆ, 2016ರಲ್ಲಿ ಮುಕ್ತ ತಂತ್ರಾಂಶವೂ ಆಯಿತು. ಒಂದು ಎಚ್ಚರಿಕೆ ಮಾತ್ರ. ಸೊಗಸಿಗೆಂದು ಹಳೆಯ ಡಬ್ಬಾ ಟೀವಿಯನ್ನು ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಪಿಕ್ಚರ್ ಟ್ಯೂಬಿನಲ್ಲಿ ಕೊಲ್ಲುವಷ್ಟು ವಿದ್ಯುತ್ ಉಳಿದಿರಬಹುದು.

ಹಣದ ಲೆಕ್ಕ ಇಷ್ಟು ಸರಳ. ಆದರೂ ಜನ ಕಟ್ಟುವುದಿಲ್ಲ. ಏಕೆ? ಸಮಯವಿಲ್ಲ ಎನ್ನುತ್ತಾರೆ. ನಾವು ನಂಬುವುದಿಲ್ಲ. ನಿಜವಾದ ಅಡ್ಡಿ ನಾಚಿಕೆ. ಬಸವೇಶ್ವರನಗರದ ಇಂಜಿನಿಯರರ ಮಗ ಗೋರಿಪಾಳ್ಯದ ಗುಜರಿ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹಳೆಯ ಮದರ್‌ಬೋರ್ಡ್ ಆರಿಸುವುದೇ? ಮಗಳು ಬೆಸುಗೆ ಕಡ್ಡಿ ಹಿಡಿಯುವುದೇ? ಅದೆಲ್ಲ 'ಮೆಕ್ಯಾನಿಕ್ ಕೆಲಸ'! ಇದೇ ಕೆಲಸವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಇಂಗ್ಲಿಷ್ ಹೆಸರು ಅಂಟಿಸಿ, ಹವಾನಿಯಂತ್ರಿತ ಕೋಣೆಯಲ್ಲಿ ಮಾಡಿಸಿದರೆ ಮಾತ್ರ ವಿದ್ಯೆ. ಕೈಯಿಂದ ದುಡಿಯುವವನನ್ನು ಕೀಳೆಂದು ಕಾಣುವ ಹಳೆಯ ರೋಗವೇ ಹೊಸ ಬಟ್ಟೆ ತೊಟ್ಟು ಬಂದಿದೆ. ಈ ರೋಗ ಯಾವುದೋ ಒಂದು ಜಾತಿಯದ್ದೋ ಧರ್ಮದ್ದೋ ಎಂದು ಬೆರಳು ತೋರಿಸಿ ಯಾರೂ ಪಾರಾಗುವಂತಿಲ್ಲ. ವರ್ಕ್‌ಶಾಪಿನಿಂದ ಮೇಲೆ ಬಂದ ನಮ್ಮ ಮುಸ್ಲಿಮ್ ಮನೆಗಳಲ್ಲೇ ಅಜ್ಜನ ಎಣ್ಣೆಗೈಯನ್ನು ಮೊಮ್ಮಕ್ಕಳಿಂದ ಮುಚ್ಚಿಡುವುದನ್ನು ನಾವು ಕಂಡಿದ್ದೇವೆ.

ಗುಜರಿ ಕೆಲಸದಿಂದ ಮಾಲಿನ್ಯವಾಗುತ್ತದೆ ಎನ್ನುವವರಿದ್ದಾರೆ. ಹೌದು, ಆಗುತ್ತದೆ. ತಾಮ್ರಕ್ಕಾಗಿ ವೈರು ಸುಡುವುದು, ಚಿನ್ನಕ್ಕಾಗಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವುದು ಮೊದಲು ಕೊಲ್ಲುವುದು ಆ ಕೆಲಸಗಾರರನ್ನೇ. ಇ-ತ್ಯಾಜ್ಯಕ್ಕೆ 2011ರಲ್ಲಿ ಮೊದಲ ನಿಯಮಗಳು ಬಂದವು, 2023ರ ಏಪ್ರಿಲ್‌ನಿಂದ ಹೊಸ ನಿಯಮಗಳು ಜಾರಿಯಲ್ಲಿವೆ, ಅವು ಬೇಕು. ಆದರೆ ಇನ್ನೂ ಬದುಕಿರುವ ಕಂಪ್ಯೂಟರನ್ನು ಸುಡದೆ, ಕರಗಿಸದೆ, ಇನ್ನೈದು ವರ್ಷ ದುಡಿಸುವುದಕ್ಕಿಂತ ಶುದ್ಧವಾದ ದಾರಿ ಯಾವುದಿದೆ? ಗೋರಿಪಾಳ್ಯ, ನಾಯಂಡಹಳ್ಳಿಗಳಲ್ಲಿ ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ಬೋರ್ಡನ್ನು ಕೈಗೆತ್ತಿಕೊಂಡೇ ಹೇಳಬಲ್ಲವರಿದ್ದಾರೆ. ಅವರನ್ನು ಕಸದವರೆಂದು ಕರೆದು, ಹೊಸ ಫೋನಿಗಾಗಿ ವರ್ಷಕ್ಕೊಮ್ಮೆ ಸಾಲಿನಲ್ಲಿ ನಿಲ್ಲುವವರು ಪರಿಸರದ ಪಾಠ ಹೇಳುವುದು ಸೋಜಿಗ.

ಆಟವೇ ಕೆಟ್ಟ ಚಟ, ಅದಕ್ಕೇಕೆ ಇಷ್ಟು ವಕಾಲತ್ತು ಎಂದು ಕೇಳುವ ಹಿರಿಯರೂ ಇದ್ದಾರೆ. ಅವರ ಆತಂಕಕ್ಕೆ ಬೆಲೆಯಿದೆ. ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳು ಎಷ್ಟೋ ಮನೆ ಮುರಿದವು. ಕರ್ನಾಟಕ 2021ರಲ್ಲಿ ಅವುಗಳನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದುಮಾಡಿತು, 2025ರಲ್ಲಿ ಕೇಂದ್ರವೇ ಕಾನೂನು ತಂದಿತು. ಆದರೆ ಕೈಯಾರೆ ಕಟ್ಟಿದ ಪೆಟ್ಟಿಗೆಯಲ್ಲಿ ಪಣವಿಲ್ಲ, ಜಾಹೀರಾತಿಲ್ಲ, ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಂತು ಆಡಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹಳೆಯ ಆಟಗಳನ್ನು ಅನುಮತಿಯಿಲ್ಲದೆ ನಕಲಿಸುವುದು ಕಾನೂನಿಗೆ ಒಪ್ಪುವುದಿಲ್ಲ ಎಂಬುದೂ ನಿಜ. ಕ್ಯಾಪ್‌ಕಾಮ್ ತನ್ನ ಹಲವು ಹಳೆಯ ಆಟಗಳನ್ನು 2021ರಿಂದ 'ಕ್ಯಾಪ್‌ಕಾಮ್ ಆರ್ಕೇಡ್ ಸ್ಟೇಡಿಯಂ' ಹೆಸರಿನಲ್ಲಿ ಮಾರುತ್ತಿದೆ, ಅವುಗಳನ್ನು ಕೊಂಡೇ ಆಡಬಹುದು. ಅದಕ್ಕೆ ಇನ್ನಷ್ಟು ಹೊಸ ಕಂಪ್ಯೂಟರ್ ಬೇಕಾದೀತು, ಅಷ್ಟೇ.

ನಮ್ಮ ಒತ್ತಾಯ ಶಾಲೆಗಳಿಗೆ. ರಾಜಾಜಿನಗರದಿಂದ ಕೆಂಗೇರಿಯವರೆಗೆ ರೊಬೊಟಿಕ್ಸ್ ಪ್ರಯೋಗಾಲಯದ ಫಲಕ ತೂಗುಹಾಕಿರುವ ಶಾಲೆಗಳು ಒಂದು ವರ್ಷದ ಮಟ್ಟಿಗೆ ಆ ಕಿಟ್ಟುಗಳನ್ನು ಬದಿಗಿಡಲಿ. ಮೂಲೆ ಸೇರಿರುವ ತಮ್ಮದೇ ಹಳೆಯ ಕಂಪ್ಯೂಟರುಗಳನ್ನು ಮಕ್ಕಳ ಮುಂದೆ ಹರವಲಿ. ಶನಿವಾರ ಶನಿವಾರ ಒಬ್ಬ ಬಡಗಿಯನ್ನು, ಒಬ್ಬ ರಿಪೇರಿಯವರನ್ನು ಕರೆಸಲಿ. ಬಟನ್ನಿನ ಅಳತೆ ನೋಡಿ 28 ಅಥವಾ 30 ಮಿಲಿಮೀಟರ್ ರಂಧ್ರ ಕೊರೆಯುವುದು ಹೇಗೆ, ಪ್ಲೈವುಡ್ಡು ಸಿಬಿರೇಳದಂತೆ ಹಿಂದೆ ಹಲಗೆ ಒತ್ತುವುದು ಹೇಗೆ ಎಂದು ಅವರು ಕಲಿಸುತ್ತಾರೆ. ಅವರನ್ನು ಹಿಂಬಾಗಿಲಿನಿಂದ ಕರೆಯಬಾರದು, ಮಕ್ಕಳು ಅವರನ್ನು ಸರ್ ಎಂದೇ ಕರೆಯಬೇಕು. ಮತ್ತು ರೊಬೊಟಿಕ್ಸ್ ಮೇಷ್ಟರಿಗೆ ಗಂಟೆಗೆ ಎಷ್ಟು ಕೊಡುತ್ತಿದ್ದರೋ ಅಷ್ಟೇ ಸಂಭಾವನೆಯನ್ನು ಇವರಿಗೂ ಎಣಿಸಿ ಕೊಡಬೇಕು.