ವಕೀಲರಿಲ್ಲದ ವಿಚ್ಛೇದನ: ಅರ್ಜಿ ಮುಗಿಸದ ಎರಡು ಕೆಲಸ

ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದು, ‘ವಕೀಲರಿಲ್ಲದೆ ನಾವೇ ಡೈವೋರ್ಸ್ ಮಾಡಿಕೊಳ್ಳಬಹುದಾ?’ ಎಂದು ಹುಡುಕುವವರು ನಮ್ಮವರಲ್ಲೂ ಇದ್ದಾರೆ. ವಕೀಲರ ಫೀಸು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಊರಿಗೆ ಫೋನ್ ಮಾಡಿದರೆ ‘ಸ್ವಲ್ಪ ಹೊಂದಿಕೊಂಡು ಹೋಗಿ’ ಎನ್ನುತ್ತಾರೆ. ಕನ್ನಡ ಕೂಟದಲ್ಲಿ ಯಾರನ್ನಾದರೂ ಕೇಳೋಣವೆಂದರೆ ಮರುದಿನಕ್ಕೆ ಎಲ್ಲರಿಗೂ ಗೊತ್ತಾಗಿರುತ್ತದೆ. ಹಾಗಾಗಿ ಈ ಸಲ ಅದೇ ವಿಷಯ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡ್ ಮತ್ತು ವೇಲ್ಸ್ ಕಾನೂನು. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ಕ್ರಮ ಬೇರೆ.

ಇಬ್ಬರಿಗೂ ಒಪ್ಪಿಗೆಯಿದ್ದರೆ ಖಂಡಿತ ಮಾಡಿಕೊಳ್ಳಬಹುದು. 2022ರ ಏಪ್ರಿಲ್ 6ರಿಂದ ಇಲ್ಲಿ ಯಾರ ತಪ್ಪು ಎಂದು ತೋರಿಸಬೇಕಾಗಿಲ್ಲ. ಮದುವೆಯಾಗಿ ಒಂದು ವರ್ಷ ಕಳೆದಿರಬೇಕು. ದಾಂಪತ್ಯ ಸರಿಪಡಿಸಲಾಗದಂತೆ ಮುರಿದಿದೆ ಎಂಬ ಹೇಳಿಕೆ ಸಾಕು. ಒಬ್ಬರೇ ಅಥವಾ ಇಬ್ಬರೂ ಸೇರಿ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಶುಲ್ಕ 612 ಪೌಂಡ್. ಆದಾಯ ಕಡಿಮೆಯಿದ್ದರೆ ರಿಯಾಯಿತಿ ಕೇಳಬಹುದು. ಊರಿನಲ್ಲಿ ಮಾಡಿಸಿದ ಮದುವೆ ಸರ್ಟಿಫಿಕೇಟ್ ಕನ್ನಡದಲ್ಲಿ ಮಾತ್ರ ಇದ್ದರೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಜೊತೆಗಿರಲಿ. ಅರ್ಜಿ ದಾಖಲಾಗಿ 20 ವಾರ ಕಳೆದ ಮೇಲೆ ‘ಕಂಡಿಷನಲ್ ಆರ್ಡರ್’ ಕೇಳಬೇಕು. ಅದು ಬಂದು ಆರು ವಾರ ಒಂದು ದಿನವಾದ ಮೇಲೆ ‘ಫೈನಲ್ ಆರ್ಡರ್’ ಕೇಳಬೇಕು. ಎಲ್ಲ ಸಲೀಸಾಗಿ ನಡೆದರೂ ಆರೇಳು ತಿಂಗಳು ಹಿಡಿಯುತ್ತದೆ.

ಆದರೆ ಈ ಅರ್ಜಿಯಿಂದ ಮುಗಿಯುವುದು ಮದುವೆ ಮಾತ್ರ. ಹಣದ ಲೆಕ್ಕ ಮುಗಿಯುವುದಿಲ್ಲ, ಮಕ್ಕಳ ವಿಷಯವೂ ಇತ್ಯರ್ಥವಾಗುವುದಿಲ್ಲ. ಎಡವುವುದು ಇಲ್ಲೇ.

ಮೊದಲು ಹಣ. ‘ನಮ್ಮ ಹತ್ತಿರ ಏನಿದೆ ಹಂಚಿಕೊಳ್ಳಲು?’ ಎನ್ನುವವರು ಡೇಲ್ ವಿನ್ಸ್ ಪ್ರಕರಣ ನೆನಪಿಡಿ. 1992ರಲ್ಲಿ ವಿಚ್ಛೇದನವಾದಾಗ ಗಂಡ ಹೆಂಡತಿ ಇಬ್ಬರ ಕೈಯಲ್ಲೂ ಕಾಸಿರಲಿಲ್ಲ. ಆಮೇಲೆ ಆತ ಗಾಳಿ ವಿದ್ಯುತ್ತಿನ ವ್ಯಾಪಾರದಲ್ಲಿ ಭಾರಿ ಶ್ರೀಮಂತನಾದ. 2011ರಲ್ಲಿ ಮಾಜಿ ಹೆಂಡತಿ ಪಾಲು ಕೇಳಿ ಕೋರ್ಟಿಗೆ ಹೋದರು. ಆ ಕೇಸು ಮುಂದುವರಿಯಬಹುದೆಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಣದ ಬಗ್ಗೆ ಕೋರ್ಟಿನ ಆದೇಶವಿಲ್ಲದಿದ್ದರೆ ಬಾಗಿಲು ಮುಚ್ಚುವುದಿಲ್ಲ.

ಆ ಬಾಗಿಲು ಮುಚ್ಚುವ ಕಾಗದದ ಹೆಸರು ‘ಕನ್ಸೆಂಟ್ ಆರ್ಡರ್’. ಇಬ್ಬರೂ ಒಪ್ಪಿದ್ದನ್ನು ಬರೆದು, ಕಂಡಿಷನಲ್ ಆರ್ಡರ್ ಬಂದ ಮೇಲೆ ನ್ಯಾಯಾಧೀಶರ ಒಪ್ಪಿಗೆಗೆ ಕಳಿಸಬೇಕು. ಜೊತೆಗೆ ಡಿ81 ಎಂಬ ಫಾರ್ಮಿನಲ್ಲಿ ಇಬ್ಬರ ಆಸ್ತಿ, ಸಾಲ, ಪಿಂಚಣಿಯ ವಿವರ ಕೊಡಬೇಕು. ಎನ್‌ಎಚ್‌ಎಸ್ ಪಿಂಚಣಿ, ಬೆಂಗಳೂರಿನ ಸೈಟು, ಊರಿನ ಬ್ಯಾಂಕಿನ ಎಫ್‌ಡಿ ಎಲ್ಲವನ್ನೂ ಬರೆಯಿರಿ, ಮುಚ್ಚಿಡಬೇಡಿ. ವಕೀಲರಿಗೆ ದುಡ್ಡು ಕೊಡುವುದೇ ಆದರೆ ಈ ಒಂದು ಕಾಗದ ಬರೆಸಲು ಕೊಡಿ. ಇದಾಗುವ ತನಕ ಫೈನಲ್ ಆರ್ಡರ್‌ಗೆ ಅವಸರ ಬೇಡ. ನಡುವೆ ಒಬ್ಬರು ತೀರಿಕೊಂಡರೆ, ಸಂಗಾತಿಯಾಗಿ ಬರಬೇಕಿದ್ದ ಪಿಂಚಣಿ ಇನ್ನೊಬ್ಬರ ಕೈತಪ್ಪಬಹುದು.

ಇನ್ನು ಮಕ್ಕಳು. ತಂದೆತಾಯಿ ಒಪ್ಪಿಕೊಂಡಿದ್ದರೆ ಕೋರ್ಟು ಈ ವಿಷಯಕ್ಕೆ ತಲೆಹಾಕುವುದೇ ಇಲ್ಲ. ಹಾಗೆಂದು ಬಾಯಿಮಾತಿನಲ್ಲಿ ಬಿಡಬೇಡಿ. ‘ಪೇರೆಂಟಿಂಗ್ ಪ್ಲಾನ್’ ಬರೆಯಿರಿ. ಇದಕ್ಕೆ ಕ್ಯಾಫ್‌ಕ್ಯಾಸ್ ಸಂಸ್ಥೆಯ ಉಚಿತ ನಮೂನೆಯಿದೆ. ಯಾವ ದಿನ ಯಾರ ಮನೆ, ಯಾರು ಶಾಲೆಗೆ ಬಿಡುವುದು ಎಂಬುದರ ಜೊತೆಗೆ ನಮ್ಮಂಥವರು ಎರಡು ಸಾಲು ಹೆಚ್ಚು ಸೇರಿಸಬೇಕು.

ಒಂದು, ಬೇಸಿಗೆ ರಜೆ. ಮಗುವನ್ನು ಅಜ್ಜಿ ಮನೆಗೆ ಕರೆದೊಯ್ಯುವುದಕ್ಕೂ ಇನ್ನೊಬ್ಬ ಪೋಷಕರ ಒಪ್ಪಿಗೆ ಬೇಕು; ಅದನ್ನು ಹೋಗುವ, ಬರುವ ದಿನಾಂಕದ ಸಮೇತ ಬರಹದಲ್ಲಿ ಪಡೆಯಿರಿ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದ್ದರಿಂದ ‘ಕರೆದುಕೊಂಡು ಹೋದವರು ವಾಪಸ್ ಬರದಿದ್ದರೆ?’ ಎಂಬ ಭಯ ಇನ್ನೊಬ್ಬರಿಗೆ ಇರುವುದು ಸಹಜ. ರಿಟರ್ನ್ ಟಿಕೆಟ್ಟಿನ ಪ್ರತಿ ಕಳಿಸಿದರೆ ಅರ್ಧ ಜಗಳ ತಪ್ಪುತ್ತದೆ.

ಇನ್ನೊಂದು, ಭಾಷೆ. ಬಹಳ ಮನೆಗಳಲ್ಲಿ ಕನ್ನಡ ಉಳಿದಿರುವುದು ಒಬ್ಬರ ಬಾಯಲ್ಲಿ. ಅವರ ಜೊತೆ ಮಗು ಕಳೆಯುವ ದಿನ ಕಡಿಮೆಯಾದರೆ ಕನ್ನಡವೂ ಕಡಿಮೆಯಾಗುತ್ತದೆ. ಭಾನುವಾರದ ಕನ್ನಡ ತರಗತಿ, ಅಜ್ಜಿ ತಾತನ ವಿಡಿಯೋ ಕರೆ ಯಾರ ಮನೆಯಲ್ಲಿದ್ದರೂ ನಡೆಯಬೇಕೆಂದು ಬರೆದಿಡಿ. ಇಷ್ಟು ದಿನ ನಿಮ್ಮ ಜಗಳವೆಲ್ಲ ಕನ್ನಡದಲ್ಲೇ ನಡೆದಿದ್ದರೆ ಮಗುವಿಗೆ ಅದು ಜಗಳದ ಭಾಷೆಯಾಗಿರಬಹುದು. ಅದನ್ನು ಮತ್ತೆ ಊಟದ, ಕತೆಯ, ಜೋಗುಳದ ಭಾಷೆ ಮಾಡುವ ಹೊಣೆ ಇಬ್ಬರದ್ದೂ.

ಕೆಲವು ಸಂದರ್ಭಗಳಲ್ಲಿ ಒಬ್ಬರೇ ಹೆಜ್ಜೆಯಿಡಬೇಡಿ. ಹೊಡೆತ ಬಡಿತ ಇದ್ದರೆ, ಹಣ ಮುಚ್ಚಿಡುತ್ತಿರುವ ಅನುಮಾನವಿದ್ದರೆ, ನಿಮ್ಮ ವೀಸಾ ಸಂಗಾತಿಯ ಮೇಲೆ ನಿಂತಿದ್ದರೆ ಮೊದಲು ಸಲಹೆ ಪಡೆಯಿರಿ. ದೌರ್ಜನ್ಯಕ್ಕೆ ಪುರಾವೆಯಿದ್ದು ಆದಾಯ ಕಡಿಮೆಯಿದ್ದರೆ ಲೀಗಲ್ ಏಡ್ ಸಿಗಬಹುದು. ಊರಿನಲ್ಲಿ ಮದುವೆಯಾದವರು ಇನ್ನೊಂದು ಮಾತು ತಿಳಿದಿರಬೇಕು. ವಿದೇಶಿ ವಿಚ್ಛೇದನಕ್ಕೆ ಭಾರತದಲ್ಲಿ ಮಾನ್ಯತೆ ಯಾವಾಗ ಎಂಬುದನ್ನು ಭಾರತದ ಸುಪ್ರೀಂ ಕೋರ್ಟು 1991ರ ನರಸಿಂಹ ರಾವ್ ತೀರ್ಪಿನಲ್ಲಿ ಹೇಳಿದೆ. ಅದರಲ್ಲಿ ಎದುರು ಪಕ್ಷದ ಒಪ್ಪಿಗೆಗೆ ದೊಡ್ಡ ತೂಕವಿದೆ. ಜಂಟಿ ಅರ್ಜಿ ಹಾಕಿದರೆ ಆ ಒಪ್ಪಿಗೆ ದಾಖಲೆಯಲ್ಲೇ ಇರುತ್ತದೆ. ಆದರೂ ಮರುಮದುವೆಗೆ ಮುಂಚೆ ಅಲ್ಲಿನ ವಕೀಲರೊಬ್ಬರನ್ನು ಕೇಳಿ.

ಕೊನೆಯದಾಗಿ, ಮಗುವಿಗೆ ಹೇಳುವ ದಿನ. ‘ವಿಚ್ಛೇದನ’ ಎಂಬ ದೊಡ್ಡ ಪದ ಬೇಡ. ಇಬ್ಬರೂ ಜೊತೆಗೆ ಕೂತು, ‘ಇನ್ಮೇಲೆ ನಮಗೆ ಎರಡು ಮನೆ. ಅಪ್ಪ ಅಪ್ಪನೇ, ಅಮ್ಮ ಅಮ್ಮನೇ. ಇದು ನಿನ್ನಿಂದ ಆಗಿದ್ದಲ್ಲ ಪುಟ್ಟಾ’ ಎಂದರೆ ಸಾಕು. ಅದೇ ವಾರ ಊರಿನ ಹಿರಿಯರಿಗೂ ನೀವೇ ಹೇಳಿಬಿಡಿ. ಇಲ್ಲವಾದರೆ ಮುಂದಿನ ವಿಡಿಯೋ ಕರೆಯಲ್ಲಿ ಅಜ್ಜಿ ‘ಅಪ್ಪ ಎಲ್ಲಿ ಕಂದಾ?’ ಎಂದು ಕೇಳುತ್ತಾರೆ. ಉತ್ತರ ಹುಡುಕುವ ಕಷ್ಟ ಆ ಮಗುವಿಗೆ ಬರುತ್ತದೆ.