ಹಳೆಯ ದೋಣಿಯನ್ನು ಮುಳುಗಿಸಿ ನೋಡಿರಿ

ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ನ್ಯಾಮತಿ, ಹೊನ್ನಾಳಿ ತಾಲ್ಲೂಕುಗಳ ಹೊಲಗದ್ದೆಗಳ ನಡುವೆ ಉತ್ತರಾಭಿಮುಖವಾಗಿ ಸಾಗುತ್ತಾರೆ. ಚನ್ನಗಿರಿ ತಾಲ್ಲೂಕಿನಲ್ಲಿ, ಶಾಂತಿಸಾಗರವೆಂಬ ಹೆಸರೂ ಉಳ್ಳ ಸೂಳೆಕೆರೆ ಸುಮಾರು 6,500 ಎಕರೆಗಳಷ್ಟು ವಿಸ್ತಾರವಾಗಿ ಹರಡಿಕೊಂಡಿದೆ. ಬರಗಾಲಕ್ಕೆ ಹೆಸರಾದ ಜಗಳೂರಿನ ಸೀಮೆಗೂ ತುಂಗಭದ್ರೆಯ ನೀರನ್ನು ಎತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆಯೊಂದು ಕೈಗೂಡಿದೆ. ಇಷ್ಟು ನೀರನ್ನು ಕಣ್ಣೆದುರಿಗೆ ಇಟ್ಟುಕೊಂಡೂ ನಮ್ಮ ತರುಣರು ಅದನ್ನು ದಂಡೆಯಲ್ಲಿ ನಿಂತು ನೋಡುವುದರಲ್ಲಿಯೇ ತೃಪ್ತರಾಗಿರುವುದು ನಮಗೆ ಸರಿಯೆನಿಸುವುದಿಲ್ಲ. ಗಾಳಿಯ ಬಲವನ್ನೂ ನೀರಿನ ಗುಣವನ್ನೂ ಕಲಿಯಬೇಕೆನ್ನುವವರಿಗೆ ಪುಟ್ಟ ಹಾಯಿದೋಣಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ.

ಹೊಸ ದೋಣಿಯ ಬೆಲೆ ಸಾಮಾನ್ಯ ಸಂಸಾರಕ್ಕೆ ಎಟುಕುವಂಥದಲ್ಲ. ಹಾಗಾದರೆ ಕರಾವಳಿಯಿಂದಲೋ ಬೆಂಗಳೂರಿನಿಂದಲೋ ಹಳೆಯದೊಂದನ್ನು ಅಗ್ಗವಾಗಿ ತರಬಹುದಲ್ಲವೆ? ಅವಶ್ಯವಾಗಿ ತರಬಹುದು. ಹಳೆಯದೆಂಬುದೇ ದೋಷವಲ್ಲ. ನಮ್ಮ ಸೈನ್ಯದ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಮಂಡಲವನ್ನೇ ಸುತ್ತಿ ಬಂದ 37 ಅಡಿಯ 'ತೃಷ್ಣಾ' ಹಾಯಿನೌಕೆಯು ಮೊದಲು ಇನ್ನೊಬ್ಬರ ಕೈಯಲ್ಲಿದ್ದುದೇ. ಆದರೆ ಹಳೆಯ ದೋಣಿಯನ್ನು ಕೊಳ್ಳುವವರು ಬಣ್ಣವನ್ನೂ ಬೆಲೆಯನ್ನೂ ನೋಡಿ, ಬಹಳವಾದರೆ ಒಮ್ಮೆ ನೀರಿಗಿಳಿಸಿ, 'ತೇಲುತ್ತದೆ' ಎಂದು ಸಮಾಧಾನಪಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ದೋಣಿಯನ್ನು ತೇಲಿಸಿ ನೋಡಿದರೆ ಸಾಲದು, ಮುಳುಗಿಸಿ ನೋಡಬೇಕು.

ಇದು ವಿನೋದದ ಮಾತಲ್ಲ. 2019ರ ಜನವರಿ 21ರಂದು ಕಾರವಾರದ ಸಮೀಪ ಕೂರ್ಮಗಡದ ಜಾತ್ರೆಯಿಂದ ಜನರನ್ನು ಕರೆತರುತ್ತಿದ್ದ ದೋಣಿ ಮಗುಚಿ 16 ಮಂದಿ ಮಡಿದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ ಜಲಸಮಾಧಿಯಾದರು. ಅಲ್ಲಿ ಮುಳುಗಿದ್ದು ಮೀನು ಹಿಡಿಯುವುದಕ್ಕೆಂದು ಕಟ್ಟಿ, ಆಮೇಲೆ ಪ್ರವಾಸಿಗಳಿಗಾಗಿ ಮಾರ್ಪಡಿಸಿದ ದೋಣಿ. ಅದರಲ್ಲಿ ಮಿತಿಮೀರಿ ಜನರಿದ್ದರು. ಎರಡು ಕಡೆಯೂ ಸತ್ತವರಲ್ಲಿ ಮಕ್ಕಳಿದ್ದರು. ದೋಣಿ ಯಾವ ಕೆಲಸಕ್ಕಾಗಿ ಹುಟ್ಟಿತು, ಎಷ್ಟು ಭಾರವನ್ನು ಹೊರಬಲ್ಲದು, ನೀರು ತುಂಬಿಕೊಂಡಾಗ ಅದರ ಗತಿಯೇನು ಎಂಬ ಮೂರು ಪ್ರಶ್ನೆಗಳನ್ನು ಕೊಳ್ಳುವ ಮುನ್ನವೇ ಕೇಳಬೇಕು.

ಮೂರನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ನಮ್ಮ ಅಂಬಿಗರ ಹರಿಗೋಲು ಬಿದಿರಿನದು. ಬಿದಿರು ನೀರಿಗಿಂತ ಹಗುರ. ತೇಗದ ಮರವೂ ಹಾಗೆಯೇ. ಇಂಥ ದೋಣಿಯಲ್ಲಿ ನೀರು ತುಂಬಿದರೂ ಅದು ತಳ ಸೇರುವುದಿಲ್ಲ. ಈಗ ಪೇಟೆಯಲ್ಲಿ ಸಿಕ್ಕುವ ಹಳೆಯ ದೋಣಿಗಳಲ್ಲಿ ಬಹುಪಾಲು ಫೈಬರ್ ಗ್ಲಾಸಿನವು. ಈ ವಸ್ತುವಿನ ಸಾಂದ್ರತೆ ನೀರಿನದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಅದು ತೇಲುವುದು ತನ್ನ ಹಗುರತನದಿಂದಲ್ಲ, ಒಳಗಿನ ಬರಿದಾದ ಜಾಗದಿಂದ. ಆ ಜಾಗವನ್ನು ನೀರು ಆಕ್ರಮಿಸಿದ ಕೂಡಲೇ ಅದು ಕಲ್ಲಿನಂತೆ ಇಳಿಯುತ್ತದೆ.

ಆರ್ಕಿಮಿಡೀಸನ ತತ್ತ್ವವನ್ನು ಬಲ್ಲ ವಿದ್ಯಾರ್ಥಿ ಇದನ್ನು ತಾನೇ ಲೆಕ್ಕ ಹಾಕಬಲ್ಲನು. 90 ಕಿಲೋಗ್ರಾಂ ತೂಕದ ಫೈಬರ್ ದೋಣಿ ಪೂರ್ತಿ ಮುಳುಗಿದಾಗ 60 ಲೀಟರ್ ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ. ಉಳಿಯುವ ಭಾರ 30 ಕಿಲೋಗ್ರಾಂ. ಕಬ್ಬಿಣದ ಬಿಡಿಭಾಗಗಳಿಗೆ 10, ಅಂಚನ್ನು ಹಿಡಿದು ತೇಲುವ ನಾಲ್ವರಿಗೆ ತಲಾ 10ರಂತೆ 40 ಸೇರಿಸಿದರೆ ಒಟ್ಟು 80 ಕಿಲೋಗ್ರಾಂ. ಅಂದರೆ ನೀರು ಹೊಗದಂತೆ ಮುಚ್ಚಿದ ಗಾಳಿಯ ಪೆಟ್ಟಿಗೆಯೋ ಫೋಮೋ ಕನಿಷ್ಠ 80 ಲೀಟರಿನಷ್ಟಾದರೂ ದೋಣಿಯಲ್ಲಿರಬೇಕು. ಅದರ ಎರಡರಷ್ಟಿದ್ದರೆ ನಿಶ್ಚಿಂತೆ.

ಪರೀಕ್ಷೆಯನ್ನು ನದಿಯಲ್ಲಿ ಮಾಡಬಾರದು. ಹೂಳಿಲ್ಲದ ಕೆರೆಯ ಅಂಚಿನಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ, ಈಜು ಬಲ್ಲ ಹಿರಿಯರ ಸಮ್ಮುಖದಲ್ಲಿ, ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಮಾಡಬೇಕು. ಬಕೀಟುಗಳಿಂದ ನೀರು ಸುರಿದು ದೋಣಿಯನ್ನು ಅಂಚಿನವರೆಗೆ ತುಂಬಿಸಿರಿ. ನಾಲ್ವರು ಅದರ ಅಂಚನ್ನು ಹಿಡಿದು ಕಾಲು ಮೇಲೆತ್ತಲಿ. ಕಾಲುಗಂಟೆಯಾದರೂ ದೋಣಿ ಸಮತಟ್ಟಾಗಿ ನಿಂತಿದ್ದರೆ, ಆಮೇಲೆ ಗಾಳಿಯ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ನೀರು ಕಾಣದಿದ್ದರೆ, ಅದು ಸಂಸಾರಕ್ಕೆ ಯೋಗ್ಯ. ಒಂದು ತುದಿ ಇಳಿದರೆ ಪೆಟ್ಟಿಗೆಯನ್ನು ದುರಸ್ತಿ ಮಾಡಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಪರೀಕ್ಷೆಗೇ ಒಪ್ಪದ ಮಾರಾಟಗಾರನಿಂದ ಅರ್ಧ ಬೆಲೆಗೂ ಕೊಳ್ಳಬಾರದು. ಮಗುಚಿದ ದೋಣಿಯನ್ನು ಬಿಟ್ಟು ದಡದತ್ತ ಈಜಹೊರಟವರಿಗಿಂತ ಅದನ್ನು ಹಿಡಿದುಕೊಂಡೇ ಇದ್ದವರು ಉಳಿಯುವ ಸಂಭವ ಹೆಚ್ಚು. ಹಿಡಿದುಕೊಳ್ಳಲು ದೋಣಿಯೇ ಇಲ್ಲದಿದ್ದರೆ ಈ ಉಪದೇಶ ವ್ಯರ್ಥ.

ಎರಡನೆಯ ಪ್ರಶ್ನೆ ಭಾರದ್ದು. 4 ಮೀಟರ್ ಉದ್ದ, 1.5 ಮೀಟರ್ ಅಗಲದ ದೋಣಿಯು ನೀರಿನ ಮಟ್ಟದಲ್ಲಿ ಆಕ್ರಮಿಸುವ ಕ್ಷೇತ್ರ ಸುಮಾರು 4 ಚದರ ಮೀಟರ್. 60 ಕಿಲೋಗ್ರಾಮಿನ ಒಬ್ಬನು ಏರಿದರೆ ಅದು ಒಂದೂವರೆ ಸೆಂಟಿಮೀಟರ್ ಇಳಿಯುತ್ತದೆ. 20 ಲೀಟರಿನ ಹತ್ತು ನೀರಿನ ಕ್ಯಾನುಗಳನ್ನಿಟ್ಟರೆ 5 ಸೆಂಟಿಮೀಟರ್. ಹೊರಮೈಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಅಳೆದು ನೋಡಬಹುದು. ಎಲ್ಲರೂ ಕುಳಿತ ಮೇಲೆ ನೀರಿಗೂ ದೋಣಿಯ ಅಂಚಿಗೂ ಮೊಣಕೈಯಿಂದ ಬೆರಳತುದಿಯಷ್ಟು ಅಂತರ ಉಳಿಯದಿದ್ದರೆ ಜನರನ್ನು ಕಡಮೆ ಮಾಡಬೇಕು.

ಮೊದಲನೆಯದಾದ ಕೆಲಸದ ಪ್ರಶ್ನೆಗೆ ಉತ್ತರ ಆಕಾರದಲ್ಲಿದೆ. ಒಂದೇ ಉದ್ದ, ಒಂದೇ ಭಾರದ ದೋಣಿಗಳಲ್ಲಿ ಓಲಾಟವನ್ನು ತಡೆಯುವ ಗುಣ ಅಗಲದ ಘನವನ್ನು ಅನುಸರಿಸುತ್ತದೆ. 1.2 ಮೀಟರಿಗೆ ಬದಲು 1.5 ಮೀಟರ್ ಅಗಲವಿದ್ದರೆ ಸ್ಥಿರತೆ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಆದ್ದರಿಂದ ಮಕ್ಕಳಿರುವ ಮನೆಗೆ ವೇಗದ ಕಿರಿದಾದ ದೋಣಿ ಬೇಡ. ಅಗಲವಾದ, ಮಂದಗತಿಯ ದೋಣಿಯೇ ಮೇಲು. ಹರಿಗೋಲಿಗೆ ಹಾಯಿ ಕಟ್ಟಿದರೆ ಆಗದೆ ಎಂದು ಕೆಲವರು ಕೇಳಬಹುದು. ದುಂಡಗಿನ ಹರಿಗೋಲು ಗಾಳಿ ತಳ್ಳಿದತ್ತ ತಿರುಗುತ್ತ ಹೋಗುವುದೇ ಹೊರತು ಎದುರುಗಾಳಿಗೆ ಓರೆಯಾಗಿ ಮುಂದುವರಿಯಲಾರದು. ಅದಕ್ಕೆ ತಳದಲ್ಲಿ ನೀರಿಗಿಳಿಯುವ ಹಲಗೆಯೂ ಚುಕ್ಕಾಣಿಯೂ ಬೇಕು.

ಇನ್ನು ಮೈಯ ತಪಾಸಣೆ. ಮರದ ದೋಣಿಯ ಕೀಲುಗಳನ್ನು ದಬ್ಬಳದಿಂದ ಚುಚ್ಚಿರಿ. ಅದು ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಫೈಬರ್ ಮೈಯನ್ನು ನಾಣ್ಯದಿಂದ ತಟ್ಟಿರಿ. ಗಟ್ಟಿ ದನಿಯ ನಡುವೆ ಮಂಕು ದನಿ ಬಂದಲ್ಲಿ ಪದರಗಳು ಬಿಟ್ಟಿರಬಹುದು. ಹಾಯಿಕಂಬದ ಬುಡವನ್ನೂ ಅದನ್ನು ಬಿಗಿದ ತಂತಿಗಳನ್ನೂ ತುಕ್ಕಿಗಾಗಿ ನೋಡಿರಿ. ಹಾಯಿಯ ಬಟ್ಟೆಯನ್ನು ಬಿಸಿಲು ತಿಂದಿದ್ದರೆ ಅದು ಕೈಯಲ್ಲೇ ಹರಿಯುತ್ತದೆ. ಇವು ಹಣದಿಂದ ಸರಿಪಡುವ ದೋಷಗಳು; ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿರಿ.

ಇಷ್ಟೆಲ್ಲ ವಿಚಾರ ಏತಕ್ಕೆ, ನಮ್ಮ ಅಂಬಿಗರು ಯಾವ ಜಾಕೆಟ್ಟೂ ಇಲ್ಲದೆ ಹೊಳೆ ದಾಟಿಸಲಿಲ್ಲವೆ ಎಂದು ಹಿರಿಯರು ಆಕ್ಷೇಪಿಸಬಹುದು. ನಿಜ. ಆದರೆ ಅಂಬಿಗನಿಗೆ ಹೊಳೆಯ ಮಡು, ಸುಳಿ, ಬಂಡೆಗಳೆಲ್ಲ ಬಾಲ್ಯದಿಂದ ಪರಿಚಿತ. ನಮಗೆ ಆ ಅನುಭವವಿಲ್ಲ; ಅದರ ಸ್ಥಾನವನ್ನು ವಿಜ್ಞಾನದ ಎಚ್ಚರಿಕೆಯೇ ತುಂಬಬೇಕು. ಆದುದರಿಂದ ಕೈಯಲ್ಲಿರುವ ಹಣದಲ್ಲಿ ಮೊದಲು ತಲೆಗೊಂದರಂತೆ ಲೈಫ್ ಜಾಕೆಟ್ ಕೊಂಡು, ಉಳಿದುದಕ್ಕೆ ತಕ್ಕ ದೋಣಿಯನ್ನು ಹುಡುಕುವುದು ಕ್ರಮ.

ಕೊನೆಗೆ ಕಾಲ, ಸ್ಥಳಗಳ ವಿಚಾರ. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಮಡಿಯಾಗುತ್ತದೆ. ಮುಂಗಾರಿನಲ್ಲಿ ಗಾಳಿಯೂ ಬಿರುಸು, ಜಲಾಶಯಗಳಿಂದ ಬಿಟ್ಟ ನೀರಿನಿಂದ ಹೊನ್ನಾಳಿಯ ಹೊಳೆಯೂ ಉಬ್ಬಿರುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗಿನ ಗಾಳಿ ಹೇಳದೆ ಕೇಳದೆ ಬೀಸುತ್ತದೆ. ಕಲಿಯುವವರಿಗೆ ಚಳಿಗಾಲದ ಬೆಳಗು, ಕೆರೆಯ ನೀರು ಇವೇ ತಕ್ಕವು. ಕೆರೆಯ ಅಧಿಕಾರಿಗಳ ಅನುಮತಿ ಪಡೆಯತಕ್ಕದ್ದು. ಚಿತ್ರದುರ್ಗವೇ ಮೊದಲಾದ ಊರುಗಳು ಕುಡಿಯುವ ಸೂಳೆಕೆರೆಯ ನೀರಿಗೆ ಎಣ್ಣೆ ಚೆಲ್ಲುವ ಯಂತ್ರವನ್ನು ಇಳಿಸಬಾರದು. ಹಾಯಿ, ಹುಟ್ಟುಗಳೇ ಸಾಕು.

ಊರಿನ ನಾಲ್ಕಾರು ಮನೆಗಳು ಕೂಡಿ ಒಂದು ಹಳೆಯ ದೋಣಿಯನ್ನು ಕೊಂಡರೂ ಆದೀತು. ಕೊಳ್ಳುವ ದಿನ ಮನೆಯ ಹಿರಿಯರು ಬೆಲೆಯನ್ನು ಚೌಕಾಸಿ ಮಾಡಲಿ. ಬಕೀಟು, ಅಳತೆಪಟ್ಟಿ, ಸೀಮೆಸುಣ್ಣಗಳನ್ನು ಹಿಡಿದು ಹೋಗುವ ಕೆಲಸ ಮಾತ್ರ ವಿದ್ಯಾರ್ಥಿಗಳದಾಗಲಿ. ತರಗತಿಯಲ್ಲಿ ಕಲಿತ ತತ್ತ್ವ ಅಂದು ತಂಗಿಯ, ತಮ್ಮನ ಪ್ರಾಣವನ್ನು ಕಾಯುವುದಾದರೆ, ಆ ಪಾಠಕ್ಕೆ ಅದಕ್ಕಿಂತ ಹೆಚ್ಚಿನ ಸಾರ್ಥಕತೆ ಬೇರೊಂದಿಲ್ಲ.